ವಯಸ್ಸು ಕೇಳಿದ ತಮ್ಮನಿಗೆ

ಮಹಾನುಭಾವ ತಮ್ಮನಿಗೆ,

ಫೋನ್ ಮಾಡಿದರೆ ಕಟ್ ಮಾಡುತ್ತೀಯ. ಅದಕ್ಕೇ ಈ ಕಾಗದವನ್ನು ಊಟದ ಡಬ್ಬಿಗೆ ಸಿಕ್ಕಿಸಿ ಡಯಾಲಿಸಿಸ್ ವಾರ್ಡಿಗೆ ಕಳಿಸುತ್ತಿದ್ದೇನೆ. ಅಲ್ಲಿ ನಿನಗೆ ಸೂಜಿ ಚುಚ್ಚಿ ಮಲಗಿಸಿರುತ್ತಾರೆ, ನೀನು ಎದ್ದು ಹೋಗಲಾರೆ. ಓದು.

ಕಿಡ್ನಿ ಸಿಕ್ಕಿದೆ, ಬನ್ನಿ ಅಂತ ಆಸ್ಪತ್ರೆಯವರು ಕರೆದರೆ ನೀನು ದಾನಿಯ ವಯಸ್ಸು ಕೇಳಿದೆಯಂತೆ. ಅರವತ್ತು, ಹೃದಯ ನಿಂತು ತೀರಿಕೊಂಡವರು ಅಂದಿದ್ದಕ್ಕೆ, "ಬೇಡ, ಮಿದುಳು ನಿಂತರೂ ಹೃದಯ ಬಡೀತಿರೋ ಹರೆಯದವರದ್ದು ಬಂದಾಗ ಕರೀರಿ" ಅಂದೆಯಂತೆ. ಬದನೆಕಾಯಿ ಆರಿಸುತ್ತಿದ್ದೆಯಾ?

ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದರು. ಹೃದಯ ನಿಂತವರ ಕಿಡ್ನಿ ಮೊದಮೊದಲು ಸೋಮಾರಿತನ ಮಾಡಬಹುದು, ಆಮೇಲೆ ಹೆಚ್ಚುಕಡಿಮೆ ಉಳಿದವುಗಳ ಹಾಗೇ ದುಡಿಯುತ್ತದೆ. ಎಳೆಯರದ್ದು ಇನ್ನಷ್ಟು ವರ್ಷ ಬಂದೀತು, ನಿಜ. ಅದಕ್ಕೆ ಕಾಯುತ್ತಾ ಕೂತರೆ ನೀನೇ ಬಾಳಿಕೆ ಬರುವುದಿಲ್ಲ.

ಜೀವನವಿಡೀ ಹಳೇ ಗಾಡಿ ಬಿಚ್ಚಿ, ಅದರ ಪಾರ್ಟನ್ನು ಊರವರ ಗಾಡಿಗೆ ಹಾಕಿದ ಮೆಕ್ಯಾನಿಕ್ ನೀನು. "ಶುರುವಿಗೆ ಸ್ವಲ್ಪ ಎಳೆಯುತ್ತೆ ಸಾರ್, ಆಮೇಲೆ ಬೆಣ್ಣೆ" ಅಂತ ಎಷ್ಟು ಜನಕ್ಕೆ ಹೇಳಿಲ್ಲ?

ಇನ್ನು ಮುಂದೆ ಆಸ್ಪತ್ರೆಯ ಫೋನು ನನಗೆ ಬರುತ್ತದೆ, ನಂಬರ್ ಬದಲಿಸಿ ಬಂದಿದ್ದೇನೆ. ನಿನ್ನ ಬ್ಯಾಗು ಬಾಗಿಲ ಹತ್ತಿರವಿದೆ. ನೀನು ಚಪ್ಪಲಿ ಮೆಟ್ಟಿಕೊಂಡರೆ ಸಾಕು.

ನನ್ನ ಕಿಡ್ನಿ ನಿನಗೆ ಹೊಂದುವುದಿಲ್ಲ ಅಂತ ಡಾಕ್ಟರು ಅಂದ ದಿನ ನೀನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತಿದ್ದೆ. ಅದೂ ಅರವತ್ತು ದಾಟಿದ ಕಿಡ್ನಿಯೇ ಕಣೋ. ಅವತ್ತು ನೀನು ವಯಸ್ಸು ಕೇಳಲಿಲ್ಲ.

ಡಬ್ಬಿ ಖಾಲಿ ಮಾಡಿ ಕಳಿಸು.

ನಿನ್ನ ಹಳೇ ಅಕ್ಕ