ಐದನೆಯ ಪ್ರಶ್ನೆ

ನವೆಂಬರ್ ಹತ್ತೊಂಬತ್ತು, ಗುರುವಾರ

ಪಿಂಚಣಿ ಕಚೇರಿಯ ಹಾಳೆ ಇವತ್ತೂ ಅಂಚೆಗೆ ಬೀಳಲಿಲ್ಲ. ನಮ್ಮವರು ದುಡಿದ ದೇಶ ಕಡಲಾಚೆ ಇದೆ. ಅವರು ತೀರಿಕೊಂಡು ಒಂಬತ್ತು ವರ್ಷವಾದರೂ ಅಲ್ಲಿನ ಕಚೇರಿ ನನ್ನನ್ನು ಮರೆತಿಲ್ಲ. ವರ್ಷಕ್ಕೊಮ್ಮೆ ಕೇಳುತ್ತದೆ. ಮೊದಲನೆಯದು, ಬದುಕಿದ್ದೀರಾ? ಐದನೆಯದು, ಮರುಮದುವೆಯಾಗಿದ್ದೀರಾ? ಹೆತ್ತ ಮಕ್ಕಳೂ ಇಷ್ಟು ನೇರವಾಗಿ ವಿಚಾರಿಸುವುದಿಲ್ಲ.

ಸಾಕ್ಷಿಯ ರುಜುವಿಗೆ ಎಂದಿನಂತೆ ಕೆಳಗಿನ ಔಷಧಿ ಅಂಗಡಿಯವರ ಹತ್ತಿರ ಹೋದೆ. ಅವರದೂ ನನ್ನ ಹಾಗೆ ಒಂಟಿ ಜೀವ. ಕನ್ನಡಕ ಒರೆಸಿಕೊಂಡು ನನ್ನ ಮುಖ ನೋಡಿ, "ಬದುಕಿದ್ದಾರೆ, ಚೆನ್ನಾಗೇ ಬದುಕಿದ್ದಾರೆ" ಅನ್ನುತ್ತಾ ರುಜು ಹಾಕಿದರು. ಆಮೇಲೆ ಐದನೆಯ ಪ್ರಶ್ನೆಯ ಮೇಲೆ ಬೆರಳಿಟ್ಟು, ತಲೆ ಎತ್ತದೆ ಕೇಳಿದರು: "ಇದಕ್ಕೆ ಈ ಸಲಾನೂ ಇಲ್ಲ ಅಂತಾನೇ ಬರೀತೀರಾ?"

"ಹೌದು ಅಂತ ಬರೆದ್ರೆ ಪಿಂಚಣಿ ನಿಂತೋಗುತ್ತೆ ಕಣ್ರೀ."

"ಗೊತ್ತು. ಅಂಗಡಿ ಇಬ್ಬರಿಗೆ ಸಾಕಾಗುತ್ತೆ."

ಮೆಟ್ಟಿಲು ಹತ್ತಿ ಬಂದದ್ದು ನೆನಪೇ ಇಲ್ಲ. ಅರವತ್ತಾರರ ಮೊಣಕಾಲು ಒಮ್ಮೆಯೂ ಗೊಣಗಲಿಲ್ಲ. ಹಾಳೆಗೆ ಕೆಮ್ಮಿನ ಔಷಧಿಯ ವಾಸನೆ ಹತ್ತಿದೆ. ದೀಪದ ಕೆಳಗೆ ಹರಡಿಕೊಂಡು ಸುಮ್ಮನೆ ಮೂಸುತ್ತಾ ಕೂತಿದ್ದೇನೆ, ಹುಚ್ಚಿಯ ಹಾಗೆ. ಎರಡು ಸಲ ಪೆನ್ನು ತೆರೆದೆ, ಎರಡು ಸಲವೂ ಮುಚ್ಚಿದೆ.

ಕಳಿಸಲು ಇನ್ನೂ ಹನ್ನೊಂದು ದಿನವಿದೆ. ಕಚೇರಿಯೂ ಕಾಯಲಿ, ಅವರೂ ಕಾಯಲಿ. ಜನ್ಮದಲ್ಲಿ ಒಂದು ಸಲವಾದರೂ ನಾನು ಯಾರನ್ನಾದರೂ ಕಾಯಿಸಿ ನೋಡುತ್ತೇನೆ.