ಕಂದು ಸೀಸೆಯ ದ್ರಾವಕ

ಲಿಂಗಸುಗೂರು
೧೨ ನವೆಂಬರ್ ೨೦೨೪

ನನ್ನ ಮುದ್ದಿನ ಅನೂ,

ಇಲ್ಲಿ ನಾನೂ ನಿಮ್ಮಪ್ಪನೂ ಆರಾಮ. ನೀನು ಹೇಗಿದ್ದೀ? ಬೆಳಗ್ಗೆ ಎದ್ದ ಕೂಡಲೇ ಚಹಾ ಸೇರುತ್ತದೆಯೇ, ಇಲ್ಲ ವಾಸನೆಗೇ ಮುಖ ತಿರುವುತ್ತೀಯಾ? ಸುಮ್ಮನೆ ಕೇಳಿದೆ. ಫೋನಿನಲ್ಲಿ ಕೇಳಿದರೆ "ಅವ್ವಾ, ಕುಕ್ಕರ್ ಕೂಗಾಕತ್ತೈತಿ" ಎಂದು ಇಟ್ಟುಬಿಡುತ್ತೀ. ನನಗಂತೂ ಒಂದು ಸೀಟಿಯೂ ಕೇಳಿಸಲಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ಅರ್ಧಕ್ಕೆ ಕಟ್ ಮಾಡಲು ನಿನಗೆ ಬರುವುದಿಲ್ಲ.

ಪಕ್ಕದ ಮನೆಯ ಜಮೀಲಾಬೀ ನಿನ್ನೆ ಡಬ್ಬಿ ಹಿಡಿದು ಅಂಚೆ ಕಚೇರಿಗೆ ಹೊರಟಿದ್ದಳು. ಏನದು ಎಂದರೆ ಸೆರಗಿನಡಿ ಸರಿಸಿದಳು. ನಾನು ಬಿಡುವವಳೇ? ಹುಣಸೆಹಣ್ಣು, ಬೆಲ್ಲ ಕುಟ್ಟಿ ಮಾಡಿದ ಚಿಗಳಿ, ಧನಬಾದಿಗೆ, ನಿನ್ನ ಹೆಸರಿಗೆ! ಹುಳಿ ಎಂದರೆ ಮುಖ ಕಿವುಚುತ್ತಿದ್ದವಳು, ಹೆತ್ತವಳನ್ನು ಬಿಟ್ಟು ಪಕ್ಕದ ಮನೆಯಿಂದ ಚಿಗಳಿ ತರಿಸಿಕೊಂಡರೆ ನಾನು ಏನೆಂದು ತಿಳಿಯಬೇಕು? ನಿನ್ನ ಗಂಡನೂ ಸರಿ ಇಲ್ಲ. ನಿನ್ನಲ್ಲಿಗೆ ಹೋಗಿ ಬಂದಾಗಿನಿಂದ ಭೀಮೇಶನ ವರಸೆಯೇ ಬೇರೆ. ಭಾನುವಾರ ಸಿಂಧನೂರಿನಿಂದ ಊಟಕ್ಕೆ ಬಂದಿದ್ದ. ಮಗಳು ಹೇಗಿದ್ದಾಳೆ ಎಂದರೆ "ಆರಾಮ ಅದಾಳ್ರೀ ಅತ್ತಿ" ಎನ್ನುತ್ತ ತಾಟು ನೋಡಿಕೊಂಡು ನಕ್ಕ. ಬದನೆಕಾಯಿ ಪಲ್ಯದಲ್ಲಿ ನಗುವಂಥದ್ದು ಏನಿತ್ತು? ನಿಮ್ಮಪ್ಪನಿಗೆ ಹೇಳಿದರೆ, ನಿನಗೆ ಎಲ್ಲದರಲ್ಲೂ ಸಂಶಯ ಎನ್ನುತ್ತಾರೆ. ಹೌದು, ಸಂಶಯವೇ.

ಬೇಸಿಗೆಯಲ್ಲಿ ಫೋನ್ ಹಿಡಿದು ನಿನ್ನ ಪ್ರಯೋಗಾಲಯ ತೋರಿಸಿದ್ದೆಯಲ್ಲ, ನನಗೆ ಎಲ್ಲ ನೆನಪಿದೆ. ಕಲ್ಲಿದ್ದಲಿನ ಡಾಂಬರನ್ನು ದ್ರಾವಕದಲ್ಲಿ ಕರಗಿಸಿ, ಸಣ್ಣ ಸಣ್ಣ ರಂಧ್ರಗಳ ಮಣಿ ತುಂಬಿದ ಕೊಳವೆಯಲ್ಲಿ ಹರಿಸುತ್ತೀ. ದೊಡ್ಡ ಅಣುಗಳು ರಂಧ್ರ ಹೊಗಲಾರದೆ ಬೇಗ ಹೊರಬೀಳುತ್ತವೆ. ಸಣ್ಣವು ಸಂತೆಗೆ ಬಂದ ಮಕ್ಕಳಂತೆ ಎಲ್ಲದರಲ್ಲೂ ಇಣುಕಿ ತಡವಾಗಿ ಬರುತ್ತವೆ. ಬಂದ ಹೊತ್ತು ನೋಡಿ ಅವುಗಳ ತೂಕ ಹೇಳುತ್ತೀ. ನನಗೆ ಎಷ್ಟು ಹೆಮ್ಮೆಯಾಗಿತ್ತು! ಆದರೆ ಕಂದು ಸೀಸೆಯ ಮೇಲೆ ಎದೆ ಬಿರಿದ ಮನುಷ್ಯನ ಚಿತ್ರ ಯಾಕೆ ಎಂದು ಕೇಳಿದಾಗ ನೀನೇ ಹೇಳಿದ್ದೆ: "ಈ ದ್ರಾವಕ ಬಸುರಿ ಹೆಂಗಸಿಗೆ ಆಗಿಬರಂಗಿಲ್ಲವ್ವಾ. ಹೊಟ್ಟ್ಯಾಗಿನ ಕೂಸಿಗೆ ಕೇಡು." ಅದಕ್ಕೇ ನಿನ್ನ ಜೊತೆ ಕೆಲಸ ಮಾಡುವ ಸಲ್ಮಾ ಬಸುರಿಯಾದಾಗ ಅವಳನ್ನು ಬರೆಯುವ ಕೆಲಸಕ್ಕೆ ಕೂರಿಸಿ, ಅವಳ ಪ್ರಯೋಗವನ್ನು ಬೇರೆಯವರಿಗೆ ಕೊಟ್ಟರಂತೆ. ಅವಳು ಅತ್ತುಬಿಟ್ಟಳಂತೆ. ಮೊನ್ನೆ ನೀನು ಕಳಿಸಿದ ಫೋಟೊದಲ್ಲಿ ಬಿಳಿ ಕೋಟು ಹಾಕಿ ನಿಂತಿದ್ದೀ, ಪಕ್ಕದಲ್ಲೇ ಅದೇ ಸೀಸೆ. ನನಗೆ ಭಯವಾಗುತ್ತಿದೆ, ಮಗಳೇ.

ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪ ನಿನ್ನನ್ನು ದಿನಾ ನೆನೆಸುತ್ತಾರೆ. ಎಲ್ಲಿದ್ದರೂ ತಣ್ಣಗಿರು.

ನಿನ್ನ ಅವ್ವ,
ಅಯ್ಯಮ್ಮ

ತಾ.ಕ.: ಲಕೋಟೆ ಅಂಟಿಸುವಾಗ ಹೊಳೆಯಿತು. ಮೂರು ತಿಂಗಳು ತುಂಬುವ ತನಕ ಬಸಿರಿನ ಸುದ್ದಿ ಯಾರ ಮುಂದೆಯೂ ಆಡಬೇಡ, ನನ್ನ ಮುಂದೆಯೂ ಬೇಡ, ಕಣ್ಣು ಬೀಳುತ್ತದೆ ಎಂದು ನಿನ್ನ ಮದುವೆಯಲ್ಲಿ ಹೇಳಿದವಳು ನಾನೇ ಅಲ್ಲವೇ? ಅದನ್ನೇ ಪಾಲಿಸುತ್ತ ಆ ಸೀಸೆಯ ಪಕ್ಕ ನಿಂತಿದ್ದೀಯಾ? ಅಂಚೆ ತಡವಾದೀತೆಂದು ಇದರ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲೂ ಹಾಕುತ್ತಿದ್ದೇನೆ. ಓದಿದ ಕೂಡಲೇ ಕೋಟು ಬಿಚ್ಚಿಟ್ಟು ನಿನ್ನ ಸರ್ ಹತ್ತಿರ ಹೋಗಿ ಹೇಳು. ನನಗೆ ಆಮೇಲೆ ಹೇಳಿದರೂ ನಡೆಯುತ್ತದೆ.