ನಮ್ಮ ಚಪ್ಪಾಳೆಗೆ ನೀವು ಕೊಟ್ಟ ಅಂಕ

ಎಂಜಿನಿಯರಿಂಗ್ ವಿಭಾಗದ ಮಾನ್ಯ ಡೀನ್‌ರವರೇ,

ನಿಮ್ಮ ಮೊದಲ ವರ್ಷದ ಮಕ್ಕಳು ನಮ್ಮೂರಿಗೆ ಮಾಡಿಕೊಟ್ಟ ಸೈಕಲ್ ಆಂಬುಲೆನ್ಸ್ ಯಾರನ್ನೋ ಕೊಲ್ಲಲಿದೆ. ಅದು ನನ್ನ ಮಗಳಾಗಬಾರದೆಂದು ಈ ಪತ್ರ. ಬಸುರಿ ಮಗಳು ತಿಯಾಮಿಕೆಗೆ ದಿನ ತುಂಬುತ್ತಿದೆ.

ಸಮುದಾಯದೊಡನೆ ಕಲಿತು ಸಮುದಾಯಕ್ಕಾಗಿ ವಿನ್ಯಾಸ ಮಾಡುವುದು ತಮ್ಮ ಪಠ್ಯದ ಘನ ಉದ್ದೇಶವಂತೆ. ಸಂತೋಷ. ಬಸುರಿಯರನ್ನು ಗುಡ್ಡದ ಕೆಳಗಿನ ಆಸ್ಪತ್ರೆಗೆ ಒಯ್ಯುತ್ತಿದ್ದ, ಸೈಕಲ್ಲಿನ ಹಿಂದೆ ಕಟ್ಟುವ ನಮ್ಮ ಹಳೆಯ ಗಾಡಿಯನ್ನು ನಿಮ್ಮ ಮಕ್ಕಳು ಅಧ್ಯಯನಕ್ಕೆಂದು ಕೊಂಡೊಯ್ದರು. ಬದಲಿಗೆ ಹಗುರವಾದ ನೀಲಿ ಗಾಡಿ ತಂದರು. ನಮ್ಮ ಊರಿನ ಮುಖ್ಯಸ್ಥೆ ಎನೆಲೆಸಿ ಅಜ್ಜಿಯ ಸಮತಟ್ಟಾದ ಅಂಗಳದಲ್ಲಿ, ತಮ್ಮಲ್ಲೇ ಒಬ್ಬ ಸಣಕಲನನ್ನು ಮಲಗಿಸಿ ಸುತ್ತು ಹೊಡೆಸಿ, "ಹೇಗಿದೆ?" ಎಂದು ಕೇಳಿದರು. ಅತಿಥಿ ತಂದದ್ದನ್ನು ನಾವು ಮಂಡಿಯೂರಿ, ಎರಡೂ ಕೈಯಲ್ಲಿ ತೆಗೆದುಕೊಳ್ಳುವವರು. ಎದುರಿಗೇ ಹುಳುಕು ಎತ್ತುವವರಲ್ಲ. ಗಾಡಿಯನ್ನು ಸೈಕಲ್ಲಿಗೆ ಸೇರಿಸುವ ಕೊಂಡಿ ತೆಳುವಾಯಿತೇನೋ ಎಂದು ನಾನು ಬಾಯಿ ತೆರೆದದ್ದೇ ತಡ, ಅಜ್ಜಿ ನನ್ನ ತೋಳು ಚಿವುಟಿದಳು.

"ಸುಮ್ನಿರೇ! ಮನೆಗ್ ಬಂದೋರ ಮುಂದೆ ಹಿಂಗಾ ಅನ್ನೋದು? ಪಾಪ, ಮಕ್ಳು ಬೇಜಾರ್ ಮಾಡ್ಕೋತಾವೆ."

ಹೆಂಗಸರೆಲ್ಲ ಕೇಕೆ ಹಾಕಿ ಚಪ್ಪಾಳೆ ತಟ್ಟಿದರು. ಮಕ್ಕಳು ನ್ಸಿಮಾ ಮುದ್ದೆ, ಕೋಳಿಸಾರು ಉಂಡು, "ಸಮುದಾಯಕ್ಕೆ ಪೂರ್ಣ ತೃಪ್ತಿ" ಎಂದು ಬರೆದುಕೊಂಡು ಹೋದರು. ತಾವು ಅಂಕ ಕೊಟ್ಟಿರಿ. ನಮ್ಮ ಮರ್ಯಾದೆಯನ್ನೇ ಪರೀಕ್ಷೆಯೆಂದು ತಿಳಿಯಲು ತಮಗೆ ಯಾರು ಹೇಳಿಕೊಟ್ಟರು?

ಮೊನ್ನೆ ಇಳಿಜಾರಿನಲ್ಲಿ ಬ್ರೇಕ್ ಹಿಡಿದೊಡನೆ ಕೊಂಡಿ ಮಡಚಿಕೊಂಡು, ಗಾಡಿ ಸೈಕಲ್ ಬಿಟ್ಟು ಹಳ್ಳಕ್ಕೆ ಹಾರಿತು. ಪುಣ್ಯಕ್ಕೆ ಒಳಗಿದ್ದದ್ದು ಮೆಕ್ಕೆಜೋಳದ ಮೂಟೆ. ಅದು ಒಡೆದು ಕಾಳೆಲ್ಲ ಕಲ್ಲುಗಳ ಮೇಲೆ ಚೆಲ್ಲಿತ್ತು. ಕತ್ತಲಾಗುವವರೆಗೂ ಕೂತು ಆರಿಸಿದೆ. ಕಮ್ಮಾರ ಕೊಂಡಿಯನ್ನು ಬಡಿದು ನೆಟ್ಟಗೆ ಮಾಡಿದ್ದಾನೆ. ಮಡಚಿದಲ್ಲಿ ಕೂದಲೆಳೆಯಷ್ಟು ಬಿರುಕು ಉಳಿದಿದೆ. ಖಾಲಿ ಎಳೆದರೂ ಅದು ಉದ್ದವಾಗುತ್ತಿದೆ.

ಆ ಮಕ್ಕಳ ಮೇಷ್ಟ್ರಿಗೆ ಫೋನ್ ಮಾಡಿದೆ.

"ಅಮ್ಮಾ, ಅದು ಹೋದ್ ವರ್ಷದವರ ಕೆಲ್ಸ. ಅವರೆಲ್ಲ ಪಾಸಾದ್ರು. ಈ ವರ್ಷ ನಿಮ್ಮೂರಿಗೆ ಕೋಳಿಗೂಡು."

"ಗಾಡಿ ಪಾಸಾಗ್ಲಿಲ್ವಲ್ಲ ಸ್ವಾಮಿ? ನಮ್ ಹಳೇದನ್ನಾದ್ರೂ ವಾಪಸ್ ಕೊಡಿ."

ಅದನ್ನು ಬಿಚ್ಚಿ ತರಗತಿಯ ಗೋಡೆಗೆ ತೂಗುಹಾಕಿದ್ದಾರಂತೆ, ಹೊಸ ಮಕ್ಕಳು ನೋಡಿ ಕಲಿಯಲೆಂದು. ಕಲಿಯಲಿ, ಬೇಡವೆನ್ನೆ. ಆದರೆ ಇಲ್ಲಿ ಗುಡ್ಡದ ನೆತ್ತಿಯ ಮೇಲೆ ಮೋಡ ಕಟ್ಟಿದೆ. ಮಳೆ ಬಿದ್ದರೆ ಆ ಇಳಿಜಾರಿನಲ್ಲಿ ಬರಿಗಾಲೂ ನಿಲ್ಲುವುದಿಲ್ಲ. ಮಗಳು ರಾತ್ರಿಯೆಲ್ಲ ಮಗ್ಗುಲು ಬದಲಿಸುತ್ತಾಳೆ, ನನಗೆ ಹೆದರಿಕೆಯಾಗುತ್ತದೆ.

ನಮ್ಮ ಗಾಡಿಯನ್ನು ಗೋಡೆಯಿಂದ ಇಳಿಸಿ, ಜೋಡಿಸಿ, ಈ ವಾರವೇ ಕಳಿಸಿ. ಆಗದಿದ್ದರೆ ತಾವೇ ಬನ್ನಿ. ನೀಲಿ ಗಾಡಿಯಲ್ಲಿ ಅಂಗಾತ ಮಲಗಿ; ಸೈಕಲ್ ನಾನು ತುಳಿಯುತ್ತೇನೆ. ಆಸ್ಪತ್ರೆಯ ಬಾಗಿಲು ಮುಟ್ಟಿದರೆ ಊರೆಲ್ಲ ಚಪ್ಪಾಳೆ ತಟ್ಟುತ್ತೇವೆ. ಈ ಸಲ ಮನಸ್ಸಿನಿಂದ.

ಇಂತಿ,
ತಮ್ಮ ಪಠ್ಯದಲ್ಲಿ 'ಸಮುದಾಯ' ಎಂದಷ್ಟೇ ನಮೂದಾಗಿರುವ
ಲೆಸ್ತೀನಾ, ತಿಯಾಮಿಕೆಯ ತಾಯಿ
ಮುಲಾಂಜೆ ಗುಡ್ಡದ ಕಡೆ, ಮಲಾವಿ